ಸಿಡಿಲಕಲ್ಲು

ಬಯಲುಸೀಮೆಯ ಹಳೆಯ ಮನೆಯೊಂದರ ಅಟ್ಟವನ್ನು ಗುಡಿಸುವಾಗ ಮೂಲೆಯಲ್ಲಿ ಒಂದು ಮರದ ಬಟ್ಟಲು ದೊರೆಯಿತೆಂದು ಭಾವಿಸೋಣ. ಅದು ಬೊಗಸೆಯಷ್ಟು ಅಗಲವಾಗಿದೆ. ಗಟ್ಟಿಮರವನ್ನು ಕೊರೆದು ಮಾಡಿದ ಅದರ ಒಳಮೈ ಸವೆದು ನುಣುಪಾಗಿದೆ. ಅದರ ತಳದಲ್ಲಿ ಓರೆಯಾಗಿ ಕೊರೆದ ಮೂರು ರಂಧ್ರಗಳಿವೆ. ಇದು ಏನು? ಮನೆಯ ಹುಡುಗನು ಇದನ್ನು ಅನ್ನ ಬಸಿಯುವ ಪಾತ್ರೆಯೆಂದು ಹೇಳಬಹುದು. ಅವನ ತಂಗಿಯು ದೀಪದ ಬಟ್ಟಲೆಂದು ವಾದಿಸಬಹುದು. ಆದರೆ ಅನ್ನ ಬಸಿಯಲು ಮೂರೇ ರಂಧ್ರಗಳು ಸಾಲವು. ದೀಪವಾಗಿದ್ದರೆ ಎಣ್ಣೆ ನಿಲ್ಲದು, ಮಸಿಯ ಕಲೆಯೂ ಕಾಣದು. ಆ ಹೊತ್ತಿಗೆ ಜಗಲಿಯ ಮೇಲೆ ಕುಳಿತ ಅಜ್ಜನು ತಲೆಯೆತ್ತಿ ನೋಡಿ, "ಅದು ಕೂರಿಗೆಯ ಬಟ್ಟಲಲ್ಲವೇನೋ!" ಎಂದುಬಿಡುತ್ತಾನೆ. ಒಂದೇ ಮಾತಿನಿಂದ ಎಲ್ಲವೂ ಸ್ಪಷ್ಟವಾಗುತ್ತದೆ. ಬಿತ್ತುವವರು ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಆ ಬಟ್ಟಲಿಗೆ ಸಮನಾಗಿ ಬಿಡುತ್ತಿದ್ದರು. ಬೀಜವು ಮೂರು ರಂಧ್ರಗಳ ಮೂಲಕ ಮೂರು ಬಿದಿರಿನ ಕೊಳವೆಗಳಿಗೆ ಇಳಿದು ಮೂರು ಸಾಲುಗಳಲ್ಲಿ ಭೂಮಿಯನ್ನು ಸೇರುತ್ತಿತ್ತು. ಒಳಮೈಯನ್ನು ನುಣುಪುಗೊಳಿಸಿದ್ದು ಬಡಗಿಯ ಉಳಿಯಲ್ಲ. ವರ್ಷವರ್ಷವೂ ಅದರಲ್ಲಿ ಹರಿದ ಜೋಳದ ಕಾಳು.

ಅಜ್ಜನಿದ್ದ ಮನೆಯಲ್ಲಿ ಒಗಟು ಒಡೆಯಿತು. ಅಜ್ಜನಿಲ್ಲದ ಮನೆಯಲ್ಲಿ ಏನು ಮಾಡಬೇಕು? ಒಂದು ಉಪಕರಣವನ್ನು ಮಾಡಿದವರೂ ಬಳಸಿದವರೂ ಕಂಡವರೂ ಇಲ್ಲವಾಗಿ, ಅದರ ಹೆಸರೂ ಭಾಷೆಯಿಂದ ಅಳಿಸಿಹೋದ ಮೇಲೆ ಅದರ ಕಥೆಯನ್ನು ಹೇಳುವವರಾರು? ಆಗ ಆ ಉಪಕರಣವೇ ತನ್ನ ಕಥೆಯನ್ನು ಹೇಳಬೇಕಾಗುತ್ತದೆ. ಅದನ್ನು ಕೇಳಿಸಿಕೊಳ್ಳುವ ವಿದ್ಯೆಯನ್ನು ಮನುಷ್ಯನು ಕಲಿತದ್ದು ಸುಲಭವಾಗಿ ಅಲ್ಲ. ಅನೇಕ ತಪ್ಪು ಊಹೆಗಳನ್ನು ಮಾಡಿ, ಅವುಗಳನ್ನು ತಾನೇ ತಿದ್ದಿಕೊಂಡು, ಸುಮಾರು ನಾಲ್ಕು ನೂರು ವರ್ಷಗಳ ಅವಧಿಯಲ್ಲಿ ಅವನು ಈ ವಿದ್ಯೆಯನ್ನು ಸಂಪಾದಿಸಿದನು. ಆ ಕಥೆಯು ಒಂದು ಕಲ್ಲಿನಿಂದ ಆರಂಭವಾಗುತ್ತದೆ.

ಹೊಲವನ್ನು ಉಳುವಾಗ, ಬಾವಿಯನ್ನು ತೋಡುವಾಗ, ಮಳೆಯ ನೀರು ಮಣ್ಣನ್ನು ಕೊಚ್ಚಿಕೊಂಡು ಹೋದಾಗ ಕೊಡಲಿಯ ಅಲಗಿನಂಥ ಕಲ್ಲುಗಳು ಜಗತ್ತಿನ ಅನೇಕ ಕಡೆಗಳಲ್ಲಿ ದೊರೆಯುತ್ತಿದ್ದುವು. ಒಂದು ತುದಿ ಚೂಪು ಅಥವಾ ಹರಿತ, ಇನ್ನೊಂದು ತುದಿ ದುಂಡಗೆ. ನಡುವೆ ಕೈಗೆ ಒಪ್ಪುವ ಮೈಕಟ್ಟು. ಕಬ್ಬಿಣದ ಕೊಡಲಿಯನ್ನು ಮಾತ್ರ ಕಂಡ ಜನರಿಗೆ ಕಲ್ಲಿನಿಂದಲೂ ಕೊಡಲಿಯನ್ನು ಮಾಡಬಹುದೆಂದು ತೋಚಲಿಲ್ಲ. ಗುಡುಗು ಮಿಂಚುಗಳ ದೊಡ್ಡ ಮಳೆ ಸುರಿದ ಮರುದಿನ ನೆಲದ ಮೇಲೆ ಇಂಥ ಕಲ್ಲು ಕಂಡಾಗ, ಅದು ಸಿಡಿಲಿನೊಡನೆ ಆಕಾಶದಿಂದ ಬಿದ್ದುದೆಂದೇ ಅವರು ತಿಳಿದರು. ಪ್ರಾಚೀನ ಗ್ರೀಕರು ಸಿಡಿಲಿನ ಹೆಸರಿನಿಂದಲೇ ಇಂಥ ಕಲ್ಲುಗಳನ್ನು ಕರೆದರು. ಯುರೋಪಿನ ರೈತರು, ಒಮ್ಮೆ ಸಿಡಿಲಾಗಿ ಬಿದ್ದ ಕಲ್ಲು ಇರುವಲ್ಲಿಗೆ ಮತ್ತೆ ಸಿಡಿಲು ಬೀಳದೆಂದು ನಂಬಿ ಅವನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ತಮಿಳುನಾಡಿನ ಸೇಲಂ ಬಳಿಯ ಷೆವರಾಯ್ ಬೆಟ್ಟಗಳಲ್ಲಿ ಹಳ್ಳಿಗರು ನುಣುಪಾದ ಕಲ್ಲುಗೊಡಲಿಗಳನ್ನು ಆಯ್ದು ತಂದು ಗಣಪತಿಯ ಚಿಕ್ಕ ಗುಡಿಗಳಲ್ಲಿ ಇಟ್ಟು ಪೂಜಿಸುತ್ತಿದ್ದರು. ಇದನ್ನು ಮೌಢ್ಯವೆಂದು ಹಳಿಯುವುದು ಸುಲಭ. ಆದರೆ ಆ ಜನರು ಒಂದು ಮಾತನ್ನು ಸರಿಯಾಗಿಯೇ ಗ್ರಹಿಸಿದ್ದರು: ಅದು ಉಳಿದ ಕಲ್ಲುಗಳಂತಹ ಕಲ್ಲಲ್ಲ.

ಈ ನಂಬಿಕೆಯನ್ನು ಮೊದಲು ಪ್ರಶ್ನಿಸಿದವರಲ್ಲಿ ಇಟಲಿಯ ಮಿಕೆಲೆ ಮೆರ್ಕಾತಿ ಪ್ರಮುಖನು. 1541ರಿಂದ 1593ರವರೆಗೆ ಜೀವಿಸಿದ್ದ ಈ ವೈದ್ಯನು ರೋಮಿನಲ್ಲಿ ಪೋಪರ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದನು. ಕಲ್ಲುಗಳನ್ನೂ ಲೋಹಗಳನ್ನೂ ಸಂಗ್ರಹಿಸುತ್ತಿದ್ದನು. ಸಿಡಿಲಕಲ್ಲುಗಳನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದ ಅವನಿಗೆ, ಅವುಗಳ ಅಂಚಿನಲ್ಲಿ ಏಟು ಹಾಕಿ ಚಕ್ಕೆಗಳನ್ನು ಎಬ್ಬಿಸಿದ ಗುರುತುಗಳು ಕಂಡುವು. ಕಬ್ಬಿಣದ ಬಳಕೆಯನ್ನು ಅರಿಯದ ಕಾಲದ ಮನುಷ್ಯರು ಇವನ್ನು ಮಾಡಿರಬೇಕೆಂದು ಅವನು ಬರೆದಿಟ್ಟನು. ಆದರೆ ಅವನ ಗ್ರಂಥವು ಅಚ್ಚಾದುದು 1717ರಲ್ಲಿ. ಅವನು ತೀರಿಕೊಂಡು ನೂರಿಪ್ಪತ್ತನಾಲ್ಕು ವರ್ಷಗಳಾದ ಮೇಲೆ. 1723ರಲ್ಲಿ ಫ್ರಾನ್ಸಿನ ಆಂತ್ವಾನ್ ದ ಜೂಸ್ಯೂ ಎಂಬ ವಿದ್ವಾಂಸನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಮತ್ತೊಂದು ಸಾಕ್ಷ್ಯವನ್ನು ಇಟ್ಟನು. ಕೆರಿಬಿಯನ್ ದ್ವೀಪಗಳಿಂದಲೂ ಕೆನಡಾದಿಂದಲೂ ಬಂದಿದ್ದ ಕಲ್ಲಿನ ಉಪಕರಣಗಳು ಯುರೋಪಿನ ಸಿಡಿಲಕಲ್ಲುಗಳನ್ನೇ ಹೋಲುತ್ತಿದ್ದುವು. ಅಲ್ಲಿನ ಜನರು ಅವುಗಳಿಂದ ಮರ ಕಡಿಯುತ್ತಿದ್ದರು, ಸೀಳುತ್ತಿದ್ದರು. ಹಾಗಾದರೆ ಯುರೋಪಿನವರ ಪೂರ್ವಿಕರೂ ಹಾಗೆಯೇ ಬಾಳಿರಬೇಕಲ್ಲವೆ? ಬೇರೆಡೆ ಇನ್ನೂ ಬಳಕೆಯಲ್ಲಿರುವ ವಸ್ತುವಿನೊಡನೆ ಹೋಲಿಸಿ ಹೆಸರಿಲ್ಲದ ವಸ್ತುವನ್ನು ಗುರುತಿಸುವ ವಿಧಾನವು ಹೀಗೆ ಬೆಳಕಿಗೆ ಬಂದಿತು. ಜಗಲಿಯ ಮೇಲಿನ ಅಜ್ಜನು ಕೂರಿಗೆಯ ಬಟ್ಟಲನ್ನು ಗುರುತಿಸಿದುದೂ ಕಂಡ ನೆನಪಿನೊಡನೆ ಹೋಲಿಸಿಯೇ.

ಕಲ್ಲನ್ನು ಮನುಷ್ಯನೇ ಮಾಡಿದನೆಂದು ಒಪ್ಪಿದ ಮೇಲೂ ಊಹೆಯು ದಾರಿ ತಪ್ಪುವುದುಂಟು. ಸುಮಾರು 1679ರಲ್ಲಿ ಲಂಡನ್ ನಗರದ ಗ್ರೇಸ್ ಇನ್ ಲೇನ್ ಎಂಬ ಬೀದಿಯ ಬಳಿ ನೆಲ ಅಗೆಯುವಾಗ ಚೂಪಾದ ಒಂದು ಚಕಮಕಿ ಕಲ್ಲು ದೊರೆಯಿತು. ಅದರ ಸಮೀಪದಲ್ಲಿಯೇ ಆನೆಯ ಮೂಳೆಗಳಿದ್ದುವು. ಜಾನ್ ಕಾನ್ಯರ್ಸ್ ಎಂಬ ಔಷಧ ವ್ಯಾಪಾರಿಯು ಅದನ್ನು ಜೋಪಾನವಾಗಿ ಎತ್ತಿಟ್ಟನು. ಆದರೆ ಇಂಗ್ಲೆಂಡಿನಲ್ಲಿ ಆನೆ ಎಲ್ಲಿಂದ ಬಂದಿತು? ಕ್ರಿಸ್ತಶಕ 43ರಲ್ಲಿ ರೋಮ್ ಚಕ್ರವರ್ತಿ ಕ್ಲಾಡಿಯಸನು ಬ್ರಿಟನ್ನಿನ ಮೇಲೆ ದಂಡೆತ್ತಿ ಬಂದಾಗ ಆನೆಗಳನ್ನು ತಂದನೆಂದು ಓದುಬಲ್ಲವರು ತಿಳಿದಿದ್ದರು. ಆದಕಾರಣ 1715ರಲ್ಲಿ ಜಾನ್ ಬ್ಯಾಗ್‌ಫರ್ಡ್ ಎಂಬುವನು, ರೋಮನರ ಆನೆಯನ್ನು ಎದುರಿಸಿದ ಬ್ರಿಟನ್ನಿನ ಯೋಧನೊಬ್ಬನ ಆಯುಧವಿದು ಎಂದು ನಿರ್ಧರಿಸಿ ಬರೆದನು. ಕಥೆ ಸೊಗಸಾಗಿತ್ತು, ಕಲ್ಲೂ ಸರಿಹೊಂದಿತು, ಆನೆಯೂ ಸರಿಹೊಂದಿತು. ಆದರೆ ಅದು ನಿಜವಾಗಿರಲಿಲ್ಲ. ಆ ಆನೆ ರೋಮನರಿಗಿಂತ ಲಕ್ಷಾಂತರ ವರ್ಷಗಳ ಹಿಂದೆ ಆ ದೇಶದಲ್ಲಿಯೇ ಸಂಚರಿಸುತ್ತಿದ್ದ ಪ್ರಾಣಿ. ತಮಗೆ ತಿಳಿದ ಚರಿತ್ರೆಯ ಒಳಗೇ ಎಲ್ಲವನ್ನೂ ಕೂರಿಸಬೇಕೆಂಬ ಹಂಬಲದಿಂದ ವಿದ್ಯಾವಂತರು ಮಾಡಿದ ತಪ್ಪು ಇದು. ಆ ಕಲ್ಲು ಇಂದಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದು ಹಳೆಯ ಶಿಲಾಯುಗದ ಕೈಗೊಡಲಿ.

ಇದೇ ಬಗೆಯ ಕಲ್ಲುಗಳನ್ನು ಬೇರೊಂದು ಕಣ್ಣಿನಿಂದ ನೋಡಿದವನು ಜಾನ್ ಫ್ರೀರ್. ಇಂಗ್ಲೆಂಡಿನ ಸಫಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ ಇಟ್ಟಿಗೆಗಾಗಿ ಮಣ್ಣು ತೆಗೆಯುತ್ತಿದ್ದ ಹಳ್ಳವಿತ್ತು. ಅಲ್ಲಿ ಕೈಗೊಡಲಿಗಳು ಹೇರಳವಾಗಿ ದೊರೆಯುತ್ತಿದ್ದುವು. ಫ್ರೀರನು ಕಲ್ಲನ್ನು ನೋಡಿ ತೃಪ್ತನಾಗಲಿಲ್ಲ. ಕಲ್ಲು ಎಲ್ಲಿತ್ತೆಂಬುದನ್ನು ನೋಡಿದನು. ಅದು ಸುಮಾರು ಹನ್ನೆರಡು ಅಡಿಗಳ ಆಳದಲ್ಲಿ, ಕದಡದ ಪದರಗಳ ಕೆಳಗೆ ಇತ್ತು. ಅದರ ಮೇಲಿನ ಮರಳಿನ ಪದರದಲ್ಲಿ, ಆ ನಾಡಿನಲ್ಲಿ ಯಾರೂ ಕಾಣದ ದೊಡ್ಡ ಪ್ರಾಣಿಯ ಮೂಳೆಗಳಿದ್ದುವು. ಪದರದ ಮೇಲೆ ಪದರವು ಕೂರಲು ಎಷ್ಟು ಕಾಲ ಹಿಡಿದಿರಬೇಕು! ಈ ಉಪಕರಣಗಳು ಊಹೆಗೆ ನಿಲುಕದಷ್ಟು ಹಳೆಯ ಕಾಲದವೆಂದು ಫ್ರೀರನು 1797ರಲ್ಲಿ ಲಂಡನ್ನಿನ ಪ್ರಾಚೀನವಸ್ತು ಸಂಶೋಧಕರ ಸಂಘಕ್ಕೆ ಪತ್ರ ಬರೆದನು. ಎರಡು ಕಲ್ಲುಗೊಡಲಿಗಳ ಚಿತ್ರಗಳೊಡನೆ ಪತ್ರವು 1800ರಲ್ಲಿ ಅಚ್ಚಾಯಿತು. ಸಂಘವು ವಂದನೆಗಳನ್ನು ತಿಳಿಸಿ ಅದನ್ನು ಮರೆಯಿತು. ಆ ಪತ್ರದಲ್ಲಿ ಫ್ರೀರನು ಇನ್ನೊಂದು ಮಾತನ್ನೂ ಹೇಳಿದ್ದನು: ಲೋಹವನ್ನರಿಯದ ಜನರು ಮಾಡಿಕೊಂಡ ಯುದ್ಧದ ಆಯುಧಗಳಿವು ಎಂದು. ಈ ಎರಡನೆಯ ಊಹೆಯನ್ನು ನೆನಪಿನಲ್ಲಿಡಬೇಕು. ಅದರ ತೀರ್ಪು ಮುಂದೆ ಬರುತ್ತದೆ.

ಅರವತ್ತು ವರ್ಷಗಳ ಮೌನವನ್ನು ಮುರಿದವರು ವಿಶ್ವವಿದ್ಯಾನಿಲಯದ ಪಂಡಿತರಲ್ಲವೆಂಬುದು ಸ್ವಾರಸ್ಯದ ಸಂಗತಿ. ಉತ್ತರ ಫ್ರಾನ್ಸಿನ ಅಬ್ಬೆವೀಲ್ ಪಟ್ಟಣದಲ್ಲಿ ಸುಂಕದ ಅಧಿಕಾರಿಯಾಗಿದ್ದ ಬೂಶೆ ದ ಪೆರ್ತ್ ಎಂಬುವನು ಸೋಮ್ ನದಿಯ ದಂಡೆಯ ಜಲ್ಲಿಯಲ್ಲಿ ಅಳಿದುಹೋದ ಪ್ರಾಣಿಗಳ ಮೂಳೆಗಳ ಜೊತೆಗೆ ಕೈಗೊಡಲಿಗಳನ್ನು ಕಂಡನು. ಆದರೆ ಉತ್ಸಾಹದ ಭರದಲ್ಲಿ ಅವನು ಸಹಜವಾದ ಕಲ್ಲುಗಳನ್ನೂ ಪ್ರಾಣಿಗಳ ಪ್ರತಿಮೆಗಳೆಂದು ತನ್ನ ಸಂಗ್ರಹದಲ್ಲಿ ಸೇರಿಸಿಬಿಟ್ಟನು. ಕೆಲವು ತಪ್ಪು ಊಹೆಗಳ ದೆಸೆಯಿಂದ ಅವನ ಸರಿಯಾದ ಮಾತನ್ನೂ ವಿದ್ವಾಂಸರು ನಂಬಲಿಲ್ಲ. ಕೊನೆಗೆ 1859ರಲ್ಲಿ ಇಂಗ್ಲೆಂಡಿನಿಂದ ಇಬ್ಬರು ಅಲ್ಲಿಗೆ ಬಂದರು. ಒಬ್ಬನು ದ್ರಾಕ್ಷಾರಸದ ವ್ಯಾಪಾರಿ ಜೋಸೆಫ್ ಪ್ರೆಸ್ಟ್‌ವಿಚ್. ಮತ್ತೊಬ್ಬನು ಕಾಗದದ ಗಿರಣಿಯ ಜಾನ್ ಇವಾನ್ಸ್. ಬಿಡುವಿನ ವೇಳೆಯಲ್ಲಿ ಭೂವಿಜ್ಞಾನವನ್ನೂ ಪ್ರಾಚೀನ ವಸ್ತುಗಳನ್ನೂ ಅಭ್ಯಾಸ ಮಾಡಿದ್ದ ಅವರು, ಕೈಗೊಡಲಿಯೊಂದು ಜಲ್ಲಿಯ ಪದರದಲ್ಲಿ ಹೂತಿರುವಂತೆಯೇ ಅದರ ಛಾಯಾಚಿತ್ರವನ್ನು ತೆಗೆಯಿಸಿದರು. ಲಂಡನ್ನಿಗೆ ಮರಳಿದ ಇವಾನ್ಸನು ಪ್ರಾಚೀನವಸ್ತು ಸಂಶೋಧಕರ ಸಂಘದ ಕೊಠಡಿಯಲ್ಲಿ ಅಂಥವೇ ಕಲ್ಲುಗಳನ್ನು ಕಂಡು ಬೆರಗಾದನು. ಅವು ಫ್ರೀರನು ಕಳುಹಿಸಿದ್ದ ಹಾಕ್ಸನ್ನಿನ ಕೈಗೊಡಲಿಗಳು! ಉತ್ತರವು ಅರವತ್ತು ವರ್ಷಗಳಿಂದ ಅವರ ಮನೆಯಲ್ಲಿಯೇ ಇದ್ದಿತು; ಪ್ರಶ್ನೆ ಕೇಳುವವರು ಇರಲಿಲ್ಲ.

ಈ ಸುದ್ದಿಯು ಸಮುದ್ರವನ್ನು ದಾಟಿ ಭಾರತದಲ್ಲಿದ್ದ ಒಬ್ಬ ತರುಣನನ್ನು ತಟ್ಟಿತು. ರಾಬರ್ಟ್ ಬ್ರೂಸ್ ಫೂಟನು 1858ರಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿದ್ದನು. ಬಂಡೆಗಳನ್ನೂ ಖನಿಜಗಳನ್ನೂ ಪರಿಶೀಲಿಸುವುದು ಅವನ ಉದ್ಯೋಗ. 1863ನೆಯ ಇಸವಿ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ, ಗರಸು ತೆಗೆದ ಹಳ್ಳವೊಂದರಲ್ಲಿ ಮಾನವನ ಕೈಕೆಲಸದ ಗುರುತಿದ್ದ ಒಂದು ಕಲ್ಲು ಅವನ ಕಣ್ಣಿಗೆ ಬಿದ್ದಿತು. ಅಷ್ಟು ಕಾಲ ಆ ಹಳ್ಳದ ಪಕ್ಕದಲ್ಲಿ ಎಷ್ಟೋ ಜನ ನಡೆದಾಡಿದ್ದರು. ಅವರಿಗೆ ಅದು ಬರಿಯ ಕಲ್ಲಾಗಿತ್ತು. ಅದೇ ವರ್ಷ ಅವನೂ ಅವನ ಸಹೋದ್ಯೋಗಿ ವಿಲಿಯಂ ಕಿಂಗನೂ ಅತ್ತಿರಂಪಾಕ್ಕಂ ಎಂಬಲ್ಲಿ ಅಂಥ ಉಪಕರಣಗಳನ್ನು ಕಂಡುಹಿಡಿದರು. ಭಾರತದಲ್ಲಿ ಹಳೆಯ ಶಿಲಾಯುಗದ ಮಾನವನಿದ್ದನೆಂಬ ಅರಿವು ಅಂದಿನಿಂದ ಆರಂಭವಾಯಿತು. ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಅವರ ಸಂಗಡಿಗರು ನಡೆಸಿದ ಉತ್ಖನನದಿಂದ, ಅಲ್ಲಿನ ಕೈಗೊಡಲಿಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಳೆಯವೆಂದು 2011ರಲ್ಲಿ ಪ್ರಕಟವಾಯಿತು.

ಕರ್ನಾಟಕಕ್ಕೂ ಈ ಕಥೆಯಲ್ಲಿ ದೊಡ್ಡ ಪಾಲುಂಟು. ಫೂಟನಿಗೂ ಮೊದಲೇ, 1842ರಲ್ಲಿ, ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲಿ ಡಾಕ್ಟರ್ ಪ್ರಿಮ್‌ರೋಸ್ ಎಂಬುವನು ಕಲ್ಲಿನ ಚಾಕುಗಳನ್ನೂ ಬಾಣದ ಮೊನೆಗಳನ್ನೂ ಕಂಡಿದ್ದನು. ಮುಂದೆ ಫೂಟನು ಬಳ್ಳಾರಿಯ ಸುತ್ತಮುತ್ತ ಅನೇಕ ನೆಲೆಗಳನ್ನು ಗುರುತಿಸಿದನು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ, ಆದಿಮಾನವನು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಉಪಕರಣಗಳನ್ನು ಮಾಡುತ್ತಿದ್ದ ಜಾಗವೇ ಹೊರಬಂದಿತು. ಫೂಟನ ಹಿರಿಮೆ ಸಂಗ್ರಹಿಸಿದುದರಲ್ಲಿ ಮಾತ್ರವಿಲ್ಲ. ಯಾವ ಕಲ್ಲು ಯಾವ ಊರಿನಲ್ಲಿ ದೊರೆಯಿತೆಂಬುದನ್ನು ಅವನು ಬರೆದಿಟ್ಟನು. ಅವನ ಸಂಗ್ರಹವು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. 1912ರಲ್ಲಿ ಅವನು ತೀರಿಕೊಂಡ ಮೇಲೂ ಆ ಕಲ್ಲುಗಳು ಮಾತನಾಡುತ್ತಲೇ ಇವೆ. ಏಕೆಂದರೆ ಅವುಗಳ ವಿಳಾಸವನ್ನು ಅವನು ಕಳೆಯಲಿಲ್ಲ.

ಕಲ್ಲನ್ನು ಮನುಷ್ಯನು ಮಾಡಿದನೆಂದೂ ಯಾವ ಕಾಲದಲ್ಲಿ ಮಾಡಿದನೆಂದೂ ತಿಳಿಯಿತು. ಆದರೆ ಏತಕ್ಕಾಗಿ ಮಾಡಿದನು? ಆಕಾರವನ್ನು ನೋಡಿ ಹೆಸರಿಡುವುದು ಒಂದು ವಿಧ. ಆದರೆ ಆಕಾರವು ಮೋಸ ಮಾಡಬಲ್ಲುದು. ಒನಕೆಯನ್ನು ನೋಡಿದರೆ ಧಾನ್ಯವನ್ನು ಕುಟ್ಟುವ ಸಾಧನವೆಂದು ಯಾರಾದರೂ ಹೇಳಿಯಾರು. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕೈಯಲ್ಲಿ ಅದೇ ಒನಕೆಯು ಹೈದರಾಲಿಯ ಸೈನಿಕರನ್ನು ತಡೆದ ಆಯುಧವಾಯಿತೆಂಬ ಕಥೆ ಕನ್ನಡನಾಡಿನ ಮಕ್ಕಳೆಲ್ಲರಿಗೂ ಗೊತ್ತು. ಆದುದರಿಂದ ಒಂದು ಉಪಕರಣವು ಏನು ಮಾಡಬಲ್ಲುದು ಎಂಬುದು ಬೇರೆ, ಏನು ಮಾಡಿತು ಎಂಬುದು ಬೇರೆ. ಮೊದಲನೆಯದನ್ನು ಪ್ರಯೋಗದಿಂದ ತಿಳಿಯಬಹುದು. ಎರಡನೆಯದನ್ನು ಸವೆತದ ಗುರುತುಗಳಿಂದ ತಿಳಿಯಬೇಕು.

ಪ್ರಯೋಗಕ್ಕೆ ಒಂದು ಒಳ್ಳೆಯ ನಿದರ್ಶನವು ಡೆನ್ಮಾರ್ಕಿನಲ್ಲಿದೆ. 1950ರ ದಶಕದ ಆರಂಭದಲ್ಲಿ ಅಲ್ಲಿನ ವಿಜ್ಞಾನಿಗಳು ನವಶಿಲಾಯುಗದ ನಿಜವಾದ ಕಲ್ಲುಗೊಡಲಿಗಳಿಗೆ ಹಳೆಯ ಮಾದರಿಯ ಹಿಡಿಗಳನ್ನು ಹಾಕಿಸಿ ಡ್ರಾವೆದ್ ಎಂಬ ಕಾಡಿನಲ್ಲಿ ಮರ ಕಡಿಯಿಸಿದರು. ಮೊದಲು ಕರೆಸಿದ್ದು ನುರಿತ ಮರಕಡಿಯುವವರನ್ನು. ಅವರು ಉಕ್ಕಿನ ಕೊಡಲಿಯ ಅಭ್ಯಾಸದಂತೆ ತೋಳನ್ನು ಬೀಸಿ ಬಲವಾಗಿ ಹೊಡೆದರು. ಕಲ್ಲಿನ ಅಲಗುಗಳು ಒಡೆದುಹೋದುವು. ಕಲ್ಲುಗೊಡಲಿ ನಿರುಪಯುಕ್ತವೆಂದು ಅಲ್ಲಿಗೇ ತೀರ್ಮಾನಿಸಬಹುದಾಗಿತ್ತು. ಆದರೆ ವಿಜ್ಞಾನಿಗಳು ತಾವೇ ಕೊಡಲಿಯನ್ನು ಹಿಡಿದು, ಮೊಣಕೈ ಮಣಿಕಟ್ಟುಗಳ ಬಲದಿಂದ ಚಿಕ್ಕ ಚಿಕ್ಕ ಏಟುಗಳನ್ನು ಬೇಗಬೇಗನೆ ಹಾಕಿದರು. ಮರ ಉರುಳಿತು. ಹೀಗೆ ಮೂವರು ಸೇರಿ ನಾಲ್ಕು ಗಂಟೆಗಳಲ್ಲಿ ಸುಮಾರು 500 ಚದರ ಮೀಟರ್ ಕಾಡನ್ನು ಸವರಿದರು. ದೋಷವು ಉಪಕರಣದಲ್ಲಿರಲಿಲ್ಲ, ಹಿಡಿದ ಕೈಯಲ್ಲಿತ್ತು. ಹಳೆಯ ಸಾಧನವನ್ನು ಅರಿಯಬೇಕಾದರೆ ಹೊಸ ಅಭ್ಯಾಸವನ್ನು ಮರೆಯಬೇಕು.

ಸವೆತದ ಗುರುತುಗಳನ್ನು ಓದುವ ಶಾಸ್ತ್ರಕ್ಕೆ ಅಡಿಪಾಯ ಹಾಕಿದವನು ಲೆನಿನ್‌ಗ್ರಾಡಿನ ಸೆರ್ಗೆಯ್ ಸೆಮ್ಯೋನೊವ್. 1957ರಲ್ಲಿ ರಷ್ಯನ್ ಭಾಷೆಯಲ್ಲಿ ಪ್ರಕಟವಾದ ಅವನ ಗ್ರಂಥವು 1964ರಲ್ಲಿ ಇಂಗ್ಲಿಷಿಗೆ ಬಂದು ಲೋಕಪ್ರಸಿದ್ಧವಾಯಿತು. ಕಲ್ಲು ಎಷ್ಟೇ ಗಟ್ಟಿಯಾಗಿರಲಿ, ಕೆಲಸವು ಅದರ ಮೇಲೆ ಗೆರೆಗಳನ್ನೂ ಹೊಳಪನ್ನೂ ಬಿಟ್ಟೇ ಬಿಡುತ್ತದೆ. ಗೆರೆಗಳು ಅಂಚಿಗೆ ಸಮಾನಾಂತರವಾಗಿದ್ದರೆ ಅದು ಕೊಯ್ದ ಚಾಕು. ಅಡ್ಡವಾಗಿದ್ದರೆ ಅದು ಹೆರೆದ ಸಾಧನ. ಮೊನೆಯನ್ನು ಸುತ್ತುವರಿದಿದ್ದರೆ ಅದು ಕೊರೆದ ಸಾಧನ. ಮುಂದೆ ಲಾರೆನ್ಸ್ ಕೀಲಿ ಎಂಬ ಅಮೆರಿಕದ ವಿದ್ವಾಂಸನು ಹೊಸ ಚಕಮಕಿ ಕಲ್ಲುಗಳಿಂದ ಮರವನ್ನು ಹೆರೆದು, ತೊಗಲನ್ನು ತುರಿದು, ಮಾಂಸವನ್ನು ಕೊಯ್ದು, ಒಂದೊಂದು ವಸ್ತುವೂ ಕಲ್ಲಿನ ಮೇಲೆ ಬೇರೆ ಬೇರೆ ಬಗೆಯ ಹೊಳಪನ್ನು ಬಿಡುವುದೆಂದು ತೋರಿಸಿದನು. ಈ ಮಾತು ನಿಜವೋ ಅಲ್ಲವೋ ಎಂಬ ಪರೀಕ್ಷೆಯೂ ನಡೆಯಿತು. ಮಾರ್ಕ್ ನ್ಯೂಕಮರ್ ಎಂಬುವನು ಕೆಲವು ಕಲ್ಲುಗಳನ್ನು ತಾನೇ ಬಳಸಿ, ಯಾವುದರಿಂದ ಏನು ಮಾಡಿದೆನೆಂದು ಹೇಳದೆ ಕೀಲಿಯ ಕೈಗೆ ಕೊಟ್ಟನು. ಬಳಸಿದ ಅಂಚು ಯಾವುದೆಂಬುದನ್ನು ಕೀಲಿಯು ಬಹುತೇಕ ಸರಿಯಾಗಿಯೇ ಹೇಳಿದನು. ಯಾವ ವಸ್ತುವಿನ ಮೇಲೆ ಬಳಸಿದ್ದೆಂಬುದರಲ್ಲಿ ಕೆಲವೆಡೆ ತಪ್ಪಿದನು. 1977ರಲ್ಲಿ ಸರಿತಪ್ಪುಗಳೆರಡನ್ನೂ ಮುಚ್ಚಿಡದೆ ಪ್ರಕಟಿಸಿದರು. ತನ್ನ ಊಹೆಯನ್ನು ಪರೀಕ್ಷೆಗೆ ಒಡ್ಡಲು ಅಂಜದಿರುವುದೇ ವಿಜ್ಞಾನಿಯ ಲಕ್ಷಣ.

ಈಗ ಫ್ರೀರನ ಎರಡನೆಯ ಊಹೆಗೆ ಮರಳಬಹುದು. ಹಾಕ್ಸನ್ನಿನಲ್ಲಿ 1970ರ ದಶಕದಲ್ಲಿ ಹೊಸದಾಗಿ ಅಗೆದು ತೆಗೆದ ಕಲ್ಲುಗಳನ್ನು ಕೀಲಿಯು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದನು. ಅವುಗಳ ಮೇಲೆ ಮಾಂಸ ಕೊಯ್ದ, ಮರ ಕೆತ್ತಿದ, ತೊಗಲು ಹದಗೊಳಿಸಿದ ಗುರುತುಗಳಿದ್ದುವು. ಎರಡು ಕೈಗೊಡಲಿಗಳು ಪ್ರಾಣಿಯ ಮಾಂಸವನ್ನು ಕೊಯ್ಯಲು ಬಳಕೆಯಾಗಿದ್ದುವು. ದಕ್ಷಿಣ ಇಂಗ್ಲೆಂಡಿನ ಬಾಕ್ಸ್‌ಗ್ರೋವ್ ಎಂಬಲ್ಲಿ ಸುಮಾರು ಐದು ಲಕ್ಷ ವರ್ಷಗಳ ಹಿಂದಿನ ಕುದುರೆಯ ಮೂಳೆಗಳ ಮೇಲೆಯೂ ಕಲ್ಲಿನ ಅಲಗು ಎಳೆದ ಗೀರುಗಳು ಕಂಡುಬಂದುವು. ಅಲ್ಲಿನ ಸಂಶೋಧಕರು ಹೊಸದಾಗಿ ಮಾಡಿದ ಕೈಗೊಡಲಿಗಳನ್ನು ಒಬ್ಬ ಅನುಭವಿ ಕಟುಕನಿಗೆ ಕೊಟ್ಟು ಜಿಂಕೆಯ ಮಾಂಸವನ್ನು ಬಿಡಿಸಲು ಹೇಳಿದಾಗ ಅವನು ಸಲೀಸಾಗಿ ಕೆಲಸ ಮುಗಿಸಿದನು. ಫ್ರೀರನು ಯುದ್ಧದ ಆಯುಧವೆಂದು ಕರೆದಿದ್ದ ಬಗೆಯ ಉಪಕರಣವು ಅನ್ನ ಸಂಪಾದನೆಯ ಸಾಧನವಾಗಿತ್ತು. ಚೂಪಾದ ಕಲ್ಲನ್ನು ಕಂಡೊಡನೆ ಜಗಳವನ್ನು ನೆನೆಯುವುದು ನೋಡುವವರ ಸ್ವಭಾವವೇ ಹೊರತು ಕಲ್ಲಿನ ಸಾಕ್ಷ್ಯವಲ್ಲ. ಆದಿಮಾನವನ ದಿನದ ಚಿಂತೆ, ನಮ್ಮದರಂತೆಯೇ, ಹೆಚ್ಚಾಗಿ ಊಟದ ಚಿಂತೆಯಾಗಿತ್ತು.

ಉಪಕರಣವನ್ನು ಮಾಡಿದ ಜಾಗವೂ ಸಾಕ್ಷಿ ನುಡಿಯುತ್ತದೆ. ಬಳ್ಳಾರಿಯ ಸಮೀಪದ ಸಂಗನಕಲ್ಲು ಗ್ರಾಮದ ಬಳಿ ಹಿರೇಗುಡ್ಡವೆಂಬ ಬೆಟ್ಟವಿದೆ. ಬಿಳಿಗೆಂಪು ಬಣ್ಣದ ಬೆಣಚುಬಂಡೆಗಳ ನಡುವೆ ಡಾಲರೈಟ್ ಎಂಬ ಕರಿಯ ಗಟ್ಟಿಕಲ್ಲಿನ ಪಟ್ಟೆಯೊಂದು ಅಲ್ಲಿ ಹಾದುಹೋಗಿದೆ. ಮೂರು ಸಾವಿರ ವರ್ಷಗಳಿಗೂ ಹಿಂದೆ, ನವಶಿಲಾಯುಗದ ಜನರು ಆ ಕಲ್ಲಿನಿಂದ ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದರು. ಅಲ್ಲಿ ಬರಿಯ ಕೊಡಲಿಗಳು ದೊರೆತಿದ್ದರೆ ಇಷ್ಟು ತಿಳಿಯುತ್ತಿರಲಿಲ್ಲ. ಒಡೆದು ಬಿಸಾಡಿದ ಚಕ್ಕೆಗಳು, ಅರ್ಧ ಕೆತ್ತಿ ಕೈಬಿಟ್ಟ ಕಲ್ಲುಗಳು, ಕೆತ್ತುವಾಗ ಎರಡು ತುಂಡಾದ ಅಲಗುಗಳು ಅಲ್ಲಿ ಹರಡಿವೆ. ಬಂಡೆಗಳ ಮೇಲೆ ಉದ್ದನೆಯ ನುಣುಪಾದ ತೋಡುಗಳಿವೆ. ಇವು ನೀರು ಹರಿದು ಆದುವಲ್ಲ; ಕೊಡಲಿಯ ಅಂಚನ್ನು ಉಜ್ಜಿ ಉಜ್ಜಿ ಹರಿತಗೊಳಿಸಿದುದರಿಂದ ಆದುವು. ಒಡೆಯುವುದು, ಕೆತ್ತುವುದು, ಕುಟ್ಟಿ ಸಮಮಾಡುವುದು, ಉಜ್ಜುವುದು ಎಂಬ ನಾಲ್ಕು ಹಂತಗಳನ್ನು ಅಲ್ಲಿ ಪುಸ್ತಕದ ಪುಟಗಳಂತೆ ಓದಬಹುದು. ಕೆಟ್ಟುಹೋದ ಕೆಲಸವೂ ಮುಂದಿನವರಿಗೆ ಪಾಠವಾಗುತ್ತದೆಂಬುದಕ್ಕೆ ಹಿರೇಗುಡ್ಡಕ್ಕಿಂತ ಬೇರೆ ಉದಾಹರಣೆ ಬೇಡ.

ಜೊತೆಯಲ್ಲಿ ದೊರೆತ ವಸ್ತುಗಳಿಂದಲೂ ಒಗಟು ಒಡೆಯುವುದುಂಟು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ, ಇಟಲಿ ಆಸ್ಟ್ರಿಯಾಗಳ ಗಡಿಯ ಬಳಿ, ಸುಮಾರು 5,300 ವರ್ಷಗಳ ಹಿಂದೆ ಮಡಿದ ಮನುಷ್ಯನೊಬ್ಬನ ದೇಹವು ದೊರೆಯಿತು. ಅವನ ತಾಮ್ರದ ಕೊಡಲಿ, ಬಿಲ್ಲು, ಚಕಮಕಿ ಕಲ್ಲಿನ ಬಾಕು ಇವನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಆದರೆ ಅವುಗಳೊಡನೆ ಸೀಸದಕಡ್ಡಿಯನ್ನು ಹೋಲುವ ಒಂದು ಮರದ ತುಂಡಿತ್ತು. ಅದರ ತುದಿಯಲ್ಲಿ ಜಿಂಕೆಯ ಕೊಂಬಿನ ಚೂರನ್ನು ನೆಟ್ಟಿದ್ದರು. ಬರವಣಿಗೆಯೇ ಇಲ್ಲದ ನಾಡಿನಲ್ಲಿ ಸೀಸದಕಡ್ಡಿಗೆ ಏನು ಕೆಲಸ? ಪಕ್ಕದಲ್ಲಿದ್ದ ಬಾಕು ಮತ್ತು ಬಾಣದ ಮೊನೆಗಳೇ ಉತ್ತರ ಕೊಟ್ಟುವು. ಚಕಮಕಿಯ ಅಂಚಿಗೆ ಕೊಂಬಿನ ಮೊನೆಯನ್ನು ಒತ್ತಿದರೆ ಸಣ್ಣ ಚಕ್ಕೆಗಳು ಹಾರಿ ಅಂಚು ಮತ್ತೆ ಹರಿತವಾಗುತ್ತದೆ. ಅದು ಸಾಣೆಯ ಸಾಧನ. ಆ ಒಂದು ತುಂಡು ಮಾತ್ರವೇ ಬೇರೆಲ್ಲಿಯೋ ದೊರೆತಿದ್ದರೆ ಅದರ ಗುಟ್ಟು ಇಷ್ಟು ಸುಲಭವಾಗಿ ಬಿಡುತ್ತಿರಲಿಲ್ಲ.

ಎಲ್ಲ ಒಗಟುಗಳೂ ಒಡೆಯುತ್ತವೆಂದು ಭಾವಿಸಬಾರದು. ರೋಮನ್ ಸಾಮ್ರಾಜ್ಯದ ವಾಯವ್ಯ ಪ್ರಾಂತಗಳಲ್ಲಿ, ಎಂದರೆ ಇಂದಿನ ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ, ಕಂಚಿನಲ್ಲಿ ಎರಕ ಹೊಯ್ದ ಹನ್ನೆರಡು ಮುಖಗಳ ಟೊಳ್ಳು ವಸ್ತುಗಳು ದೊರೆಯುತ್ತವೆ. ಮೊದಲನೆಯದು 1739ರಲ್ಲಿ ಇಂಗ್ಲೆಂಡಿನಲ್ಲಿ ವರದಿಯಾಯಿತು. ಈಗ ಅವುಗಳ ಸಂಖ್ಯೆ ನೂರನ್ನು ಮೀರಿದೆ. ಒಂದೊಂದು ಮುಖದಲ್ಲಿಯೂ ಒಂದು ರಂಧ್ರ. ರಂಧ್ರಗಳ ಅಳತೆ ಬೇರೆ ಬೇರೆ. ಮೂಲೆಮೂಲೆಗೂ ಒಂದು ಗುಂಡಿ. ಮೇಣದ ಬತ್ತಿಯ ಕಂಬವೆಂದು ಕೆಲವರು, ದೂರವನ್ನು ಅಳೆಯುವ ಸಾಧನವೆಂದು ಕೆಲವರು, ಕೈಚೀಲ ಹೆಣೆಯುವ ಸಾಧನವೆಂದು ಮತ್ತೆ ಕೆಲವರು ಊಹಿಸಿದ್ದಾರೆ. ರೋಮನರ ಬರಹಗಳಲ್ಲಿ ಅದರ ಸುಳಿವಿಲ್ಲ. ಅಳೆಯುವ ಸಾಧನವೆನ್ನೋಣವೆಂದರೆ ಒಂದರ ಅಳತೆ ಇನ್ನೊಂದಕ್ಕಿಲ್ಲ. ಆದಕಾರಣ ವಸ್ತುಸಂಗ್ರಹಾಲಯಗಳು ಅದರ ಮುಂದೆ "ಉಪಯೋಗ ತಿಳಿಯದು" ಎಂದೇ ಬರೆಯುತ್ತವೆ. ಸೊಗಸಾದ ಸುಳ್ಳಿಗಿಂತ ಈ ಒಂದು ಸಾಲು ಹೆಚ್ಚು ಗೌರವಕ್ಕೆ ಅರ್ಹವಾದುದು.

ರೋಮನರ ಆ ವಸ್ತುವನ್ನು ಕುರಿತು ಯಾರೂ ಒಂದು ಸಾಲು ಬರೆದಿಡಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಬರೆಯುವುದೇಕೆಂದು ಭಾವಿಸಿದ್ದರೋ ಏನೋ. ಅದೇ ಸ್ಥಿತಿಯು ನಮ್ಮ ಮನೆಗಳ ಸಾಮಾನುಗಳಿಗೂ ಒದಗಬಹುದು. ಕೂರಿಗೆಯ ಬಟ್ಟಲು, ಬೀಸುಕಲ್ಲು, ಕಡೆಗೋಲು, ಕೊಳಗ, ಏತದ ಮರ ಇವು ಒಂದೊಂದಾಗಿ ಬಳಕೆಯಿಂದ ಜಾರುತ್ತಿವೆ. ವಸ್ತು ಉಳಿದರೂ ಹೆಸರು ಅಳಿಯುತ್ತದೆ. ಹೆಸರು ಉಳಿದರೂ ಬಳಸುವ ಬಗೆ ಮರೆಯಾಗುತ್ತದೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ ಇಂಥ ವಸ್ತುಗಳನ್ನು ಕಾಪಾಡಿದರು. ಆದರೆ ಊರೂರಿನ ಅಟ್ಟಗಳಲ್ಲಿರುವುದೆಲ್ಲವನ್ನೂ ಒಂದು ಸಂಸ್ಥೆ ಕಾಪಾಡಲಾರದು. ಹಿರಿಯರು ಇರುವಾಗಲೇ ಅವರನ್ನು ಕೇಳಿ, ವಸ್ತುವಿನ ಹೆಸರು, ಅದನ್ನು ಯಾವ ಮರದಿಂದ ಅಥವಾ ಲೋಹದಿಂದ ಮಾಡಿದರು, ಯಾರು ಮಾಡಿಕೊಟ್ಟರು, ಹೇಗೆ ಹಿಡಿಯುತ್ತಿದ್ದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ವಿದ್ಯಾರ್ಥಿಯೂ ಫೂಟನ ಕೆಲಸವನ್ನೇ ಮಾಡಿದಂತಾಗುತ್ತದೆ. ಹೊಲದಲ್ಲಿಯೋ ಹಳ್ಳದಲ್ಲಿಯೋ ಪ್ರಾಚೀನ ವಸ್ತು ಕಂಡರೆ ಅದನ್ನು ಕಿತ್ತು ತರದೆ, ಜಾಗವನ್ನು ಗುರುತಿಟ್ಟು ಶಾಲೆಯ ಉಪಾಧ್ಯಾಯರ ಮೂಲಕ ಪುರಾತತ್ವ ಇಲಾಖೆಗೆ ತಿಳಿಸಬೇಕು. ಜಾಗವನ್ನು ಕಳೆದುಕೊಂಡ ಕಲ್ಲು ಅರ್ಧ ಮೂಕವಾದಂತೆ. ಇಂಥ ವಸ್ತುಗಳ ರಕ್ಷಣೆಗಾಗಿಯೇ ಭಾರತ ಸರ್ಕಾರವು 1972ರಲ್ಲಿ ಒಂದು ಶಾಸನವನ್ನು ಮಾಡಿದೆ.

ಸಿಡಿಲಕಲ್ಲು ಆಕಾಶದಿಂದ ಬೀಳಲಿಲ್ಲ. ಅದು ನಮ್ಮಂತೆಯೇ ಹಸಿದ, ದಣಿದ, ಜಾಣತನದಿಂದ ಬದುಕಿದ ಒಬ್ಬ ಮನುಷ್ಯನ ಕೈಯಿಂದ ಜಾರಿ ನೆಲಕ್ಕೆ ಬಿದ್ದಿತು. ಅದನ್ನು ಎತ್ತಿಕೊಂಡವನ ಬೆರಳುಗಳು ಅವನ ಬೆರಳುಗಳು ಒತ್ತಿದ ಜಾಗವನ್ನೇ ಹುಡುಕಿಕೊಳ್ಳುತ್ತವೆ. ಲಕ್ಷಾಂತರ ವರ್ಷಗಳ ಆಚೆಯಿಂದ ಒಂದು ಕೈ ಇನ್ನೊಂದು ಕೈಯನ್ನು ಮುಟ್ಟುವ ಬಗೆ ಇದು.

ಅಭ್ಯಾಸ

1. ಪ್ರಾಚೀನ ಜನರು ಕಲ್ಲುಗೊಡಲಿಗಳನ್ನು ಸಿಡಿಲಕಲ್ಲುಗಳೆಂದು ಭಾವಿಸಲು ಕಾರಣವೇನು?
2. ಗ್ರೇಸ್ ಇನ್ ಲೇನಿನ ಕಲ್ಲಿನ ವಿಷಯದಲ್ಲಿ ಬ್ಯಾಗ್‌ಫರ್ಡನ ಊಹೆಯು ಏಕೆ ತಪ್ಪಾಯಿತು?
3. ಫ್ರೀರನ ಎರಡು ಊಹೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು? ಅದು ಹೇಗೆ ತಿಳಿಯಿತು?
4. "ದೋಷವು ಉಪಕರಣದಲ್ಲಿರಲಿಲ್ಲ, ಹಿಡಿದ ಕೈಯಲ್ಲಿತ್ತು." ಈ ಮಾತನ್ನು ಸಂದರ್ಭಸಹಿತ ವಿವರಿಸಿರಿ.
5. ನಿಮ್ಮ ಮನೆಯ ಅಥವಾ ನೆರೆಮನೆಯ ಒಂದು ಹಳೆಯ ಉಪಕರಣವನ್ನು ಕುರಿತು ಹಿರಿಯರನ್ನು ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.